ಕನೆಕ್ಟರ್ ತಂದ ಸೊಸೆ

ನಮ್ಮ ಮನೆಯವರಿಗೆ ಕಪ್ಪು ಇನ್ಸುಲೇಷನ್ ಟೇಪಿನ ಮೇಲಿರುವ ನಂಬಿಕೆ ನನ್ನ ಮೇಲೂ ಇಲ್ಲ. ಎಲ್ಲಿ ವೈರ್ ತುಂಡಾದರೂ ಎರಡು ತುದಿ ತಿರುಚಿ, ಟೇಪ್ ಸುತ್ತಿ, "ಇನ್ನು ನೂರು ವರ್ಷ ಅಲ್ಲಾಡಲ್ಲ" ಎಂದು ಘೋಷಿಸುತ್ತಾರೆ. (ನೂರು ವರ್ಷ ಎಂದರೆ ಸುಮಾರು ಮೂರು ವಾರ.)

ಕಳೆದ ಭಾನುವಾರ ವಾಷಿಂಗ್ ಮಷೀನಿನ ಹಿಂದೆ ಬಿದ್ದಿದ್ದ ಕಾಲುಚೀಲ ತೆಗೆಯಲು ಕೈ ಹಾಕಿದೆ. ಮಷೀನಿನ ವೈರಿಗೆ ಸುತ್ತಿದ್ದ ಟೇಪು ಬಿಚ್ಚಿಕೊಂಡಿತ್ತು. ಮೊಣಕೈವರೆಗೆ ಝುಮ್ಮೆಂದು, ಹಿಂದಕ್ಕೆ ಹಾರಿ ಬಕೆಟ್ಟಿನಲ್ಲಿ ಸಿಂಹಾಸನಾರೂಢಳಾದೆ.

"ಏನ್ರೀ, ನಿಮ್ಮ ಜಾಯಿಂಟು ನನ್ನ ಪ್ರಾಣ ತೆಗೀತಿತ್ತು."

"ಇನ್ನೆರಡು ಸುತ್ತು ಟೇಪ್ ಹಾಕಿದ್ರೆ ಆಯ್ತು ಬಿಡು," ಎಂದರು, ಪೇಪರಿನಿಂದ ತಲೆ ಎತ್ತದೆ.

ಚಪ್ಪಲಿ ಮೆಟ್ಟಿ ನೇರ ಎಲೆಕ್ಟ್ರಿಕ್ ಅಂಗಡಿಗೆ ಹೋದೆ. "ವೈರ್ ಸೇರಿಸೋಕೆ ಒಳ್ಳೇ ಕನೆಕ್ಟರ್ ಕೊಡಿ."

"ಒಂಟಿ ತಂತಿನೋ, ಎಳೆಎಳೆ ತಂತಿನೋ? ಎಷ್ಟು ಲೋಡು?" ಅಂಗಡಿಯವರು ಕೇಳಿದರು. ನನ್ನ ಮದುವೆಗೂ ಯಾರೂ ಇಷ್ಟು ವಿಚಾರಿಸಿರಲಿಲ್ಲ.

ವಾಷಿಂಗ್ ಮಷೀನಿಗೆ ಎಂದೆ. ಬರೀ ಒಳಗೆ ತಳ್ಳುವ ಕನೆಕ್ಟರನ್ನು ಪಕ್ಕಕ್ಕಿಟ್ಟರು. ಮಷೀನಿನ ವೈರು ಎಳೆಎಳೆ ತಂತಿಯದಂತೆ, ಅದು ಅದರಲ್ಲಿ ನಿಲ್ಲುವುದಿಲ್ಲವಂತೆ. ಪುಟ್ಟ ಲಿವರ್ ಇದ್ದದ್ದನ್ನು ಆರಿಸಿದರು. "ಲಿವರ್ ಎತ್ತಿ, ತಂತಿ ತೂರಿಸಿ, ಒತ್ತಿ. ಎಳೆದ್ರೂ ಬರಬಾರದು. ಆಮೇಲೆ ಈ ಡಬ್ಬಿಯೊಳಗೆ ಮುಚ್ಚಿಡಿ. ಮೊದಲು ಮೇನ್ ಆಫ್ ಮಾಡ್ರಮ್ಮ."

ಮನೆಗೆ ಬಂದು ಮೇನ್ ಆಫ್ ಮಾಡಿ, ಟೇಪ್ ಕಿತ್ತು, ಮೂರು ತಂತಿಗೆ ಮೂರು ಕನೆಕ್ಟರ್ ಹಾಕಿ, ಡಬ್ಬಿಯೊಳಗೆ ಮುಚ್ಚಿ, ಮೇನ್ ಆನ್ ಮಾಡಿದೆ. ಮಷೀನು ಗುನುಗುತ್ತಾ ತಿರುಗಿತು. ಯಜಮಾನರು ಬಾಯಿ ತೆರೆದು ನಿಂತರು. ನಾನು ಸೊಂಟಕ್ಕೆ ಕೈಯಿಟ್ಟು ನಿಂತೆ.

"ಭೇಷ್," ಎಂದರು. "ಗೀಸರ್ ಹತ್ರ ನಂದೊಂದು ಜಾಯಿಂಟಿದೆ, ಫ್ರಿಜ್ ಹಿಂದೆ ಎರಡು. ಇನ್ಮೇಲೆ ಈ ಖಾತೆ ನಿನಗೇ." ಹೋಗಿ ಮಲಗಿಬಿಟ್ಟರು.

ನಾನು ಬೆಪ್ಪಾಗಿ ನಿಂತಿರುವಾಗ ಅತ್ತೆ ಬಟ್ಟೆಯ ಗಂಟೊಂದನ್ನು ತಂದು ನನ್ನ ಕೈಗಿಟ್ಟರು. ಬಿಚ್ಚಿದರೆ ಹಳೆಯ ಟೆಸ್ಟರ್, ಸ್ಕ್ರೂಡ್ರೈವರ್.

"ನಿನ್ನ ಮಾವನೂ ಹೀಗೇ ಟೇಪ್ ಸುತ್ತಿ ಸುತ್ತಿ ನನಗೆ ಕೆಲಸ ಕಲಿಸಿದ್ರು. ಕಣ್ಣು ಮಂಜಾಗೋವರೆಗೂ ಈ ಮನೆ ಫ್ಯೂಸೆಲ್ಲ ಹಾಕಿದೋಳು ನಾನೇ."

"ಮತ್ತೆ ಮಗನಿಗೆ ಯಾಕೆ ಕಲಿಸಲಿಲ್ಲ ಅತ್ತೆ?"

"ಕಲಿಸಿದ್ದೆ ಕಣೇ. ಹನ್ನೆರಡನೇ ವಯಸ್ಸಿಗೇ ನನಗಿಂತ ಅಚ್ಚುಕಟ್ಟಾಗಿ ಮಾಡ್ತಿದ್ದ," ಎಂದರು ಅತ್ತೆ. "ಮದುವೆಯಾದ್ಮೇಲೇ ಮರೆತಿದ್ದು."