ಗೋಡೆಯ ಎರಡು ಬಿಳಿ

“ಈ ಗೋಡೆಯಲ್ಲಿ ಎರಡು ಬಿಳಿ ಇದೆ” ಎಂದು ಯಜಮಾನರು ಬಾಯಿ ಬಿಟ್ಟಿದ್ದೇ ತಪ್ಪಾಯಿತು.

ಐವತ್ತು ದಾಟಿದ ಮೇಲೆ ಅಂಗಿ ಕಾರ್ಖಾನೆಯವರು ಅವರನ್ನು ಹೊಲಿಗೆ ಯಂತ್ರದಿಂದ ಎಬ್ಬಿಸಿ, ಬಿಳಿ ಅಂಗಿಯ ಕಾಲರಿಗೂ ತೋಳಿಗೂ ಬಣ್ಣ ಹೊಂದುತ್ತದೆಯೇ ಎಂದು ನೋಡುವ ಕೆಲಸಕ್ಕೆ ಕೂರಿಸಿದ್ದರು. ಮೊದಮೊದಲು ಎಲ್ಲ ಒಂದೇ ಬಿಳಿ. ತಪ್ಪಿದಾಗಲೆಲ್ಲ ಬೈಸಿಕೊಂಡು, ದಿನವೂ ನೋಡಿ ನೋಡಿ, ಒಂದು ದಿನ ಬಿಳಿಯೊಳಗಿಂದ ನೀಲಿಬಿಳಿ, ಹಳದಿಬಿಳಿ ಎಂದು ಮರಿಗಳು ಹೊರಬರತೊಡಗಿದವು. ಕಣ್ಣು ಅದೇ ಹಳೆಯದು. ಒಳಗೆ ಕೂತು ತೀರ್ಪು ಕೊಡುವವನು ಮಾತ್ರ ಹೊಸಬ.

“ಎರಡೂ ಒಂದೇ ಕಂಪನಿ ಡಬ್ಬ ಸಾರ್!” ಎಂದ ಪೇಂಟರ್.

“ಕತ್ತಲಾಗೋ ಮುಂಚೆ ಸಾಮಾನು ಒಳಗೆ ಬರ್ಬೇಕು” ಎಂದರು ಹೆಂಡತಿ. ಮಂಚ, ಬೀರು ಎಲ್ಲ ಅಂಗಳದಲ್ಲಿದ್ದವು. ಸೋಫಾ ಮೇಲೆ ಯಜಮಾನರ ಅತ್ತೆಯೂ ಇದ್ದರು. “ನಿಮ್ಮ ಬಿಳಿ ನಾಳೆ ಹುಡುಕ್ಕೊಳ್ಳಿ ರೀ.”

ಎದುರುಮನೆಯ ನಿವೃತ್ತ ಮೇಷ್ಟ್ರು ಗೋಡೆಗೆ ಮೂಗು ತಾಗಿಸಿ ನೋಡಿ, “ಪಾಪ, ಕಣ್ಣಿಗೆ ಪೊರೆ ಬಂದಿರ್ಬೇಕು” ಎಂದು ತೀರ್ಮಾನಿಸಿದರು.

ಯಜಮಾನರಿಗೆ ರೇಗಿತು. ಎರಡು ರಟ್ಟಿಗೆ ಎರಡು ಡಬ್ಬದ ಬಣ್ಣ ಬಳಿದು, ಒಣಗಿಸಿ, ಬೆನ್ನ ಹಿಂದಿನಿಂದ ಒಂದೊಂದೇ ತೆಗೆದು ಎಲ್ಲರಿಗೂ ತೋರಿಸತೊಡಗಿದರು.

“ಇದು ಗೋಡೆ ಎಡಗಡೇದೋ, ಬಲಗಡೇದೋ?”

“ಬಲಗಡೇದು.”

“ತಪ್ಪು! ಇದು?”

“ಎಡ...”

“ತಪ್ಪು!”

ಬೈದರು, ತೋರಿಸಿದರು, ಮತ್ತೆ ಬೈದರು. ಕಾಫಿ ಆಯಿತು, ಬಿಸಿಲು ಇಳಿಯಿತು. ಇದ್ದಕ್ಕಿದ್ದಂತೆ ಅತ್ತೆ ಚಪ್ಪಾಳೆ ತಟ್ಟಿದರು. “ಅಯ್ಯೋ, ಎಡಗಡೇದು ಚೂರು ಹಳದಿ ಕಣೇ!”

ಆಮೇಲೆ ಮೇಷ್ಟ್ರಿಗೂ ಕಂಡಿತು, ಹೆಂಡತಿಗೂ ಕಂಡಿತು. ಪೇಂಟರಂತೂ ಸಿಕ್ಕಿಬಿದ್ದ ಕಳ್ಳನ ಹಾಗೆ ತಲೆ ಮೇಲೆ ಕೈ ಹೊತ್ತು ಕೂತ.

“ಹಾಗಾದ್ರೆ ನಮ್ಮನೆ ಗೋಡೆ?” ಮೇಷ್ಟ್ರು ಬೆಚ್ಚಿಬಿದ್ದರು. “ಅದನ್ನೂ ನೀನೇ ಅಲ್ವೇನಯ್ಯಾ ಬಳಿದಿದ್ದು? ನಡಿ, ಈಗ್ಲೇ ನೋಡೋಣ!” ಎಂದು ಏಣಿ ಸಮೇತ ಅವನನ್ನು ಎಳೆದುಕೊಂಡೇ ಹೋದರು.

ಸಾಮಾನು ಅಂಗಳದಲ್ಲೇ ಉಳಿಯಿತು. ಆದರೂ ಯಜಮಾನರು ಗೆದ್ದಿದ್ದರು. “ಈಗ ಹೇಳಿ, ಯಾರಿಗೆ ಪೊರೆ?” ಎಂದು ಬಾಯಿತುಂಬ ನಕ್ಕರು.

ಹೆಂಡತಿ ನಗಲಿಲ್ಲ. ಹತ್ತಿರ ಬಂದು, ಕಣ್ಣು ಕಿರಿದು ಮಾಡಿದರು.

“ರೀ, ಇನ್ನೊಂದ್ಸಲ ನಗಿ... ಮುಂದಿನ ಎರಡು ಹಲ್ಲು ಬೇರೆ ಬಿಳಿ ಅಲ್ವಾ?”

ಮದುವೆಗೆ ಮೊದಲೇ ಕಟ್ಟಿಸಿ, ಇಷ್ಟು ವರ್ಷ ಯಾರಿಗೂ ಹೇಳದೆ ಕಾಪಾಡಿಕೊಂಡು ಬಂದಿದ್ದ ಹಲ್ಲುಗಳ ಮೇಲೆ ಯಜಮಾನರು ತಟ್ಟನೆ ತುಟಿ ಮುಚ್ಚಿದರು.

ಅಷ್ಟರಲ್ಲಿ ಅತ್ತೆಯೂ ಸೋಫಾದಿಂದ ಎದ್ದು ಬಂದಿದ್ದರು.

“ಬಾಯಿ ತೆಗೀರಿ ಅಳಿಯಂದ್ರೇ. ಬೆಳಕಿರೋವಾಗ್ಲೇ ಉಳಿದದ್ದನ್ನೂ ನೋಡಿಬಿಡೋಣ.”