ಸರೋವರಕ್ಕೆ ಇನ್ನೊಂದೇ ಗಂಟೆ

ದುಬೈಯಿಂದ ನಮ್ಮವರನ್ನು ಕಟ್ಟಿಕೊಂಡು ಗುಡ್ಡ ಹತ್ತಿಸುವ ಕೆಲಸದಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ. ಈದ್ ರಜೆ ಬಂತೆಂದರೆ ಜಾರ್ಜಿಯಾದ ಹಿಮಪರ್ವತಗಳಿಗೆ ಪ್ರವಾಸ. ಅಲ್ಲಿನ ರಕ್ಷಿತ ಪ್ರದೇಶದ ತುದಿಯಲ್ಲಿ ಒಂದು ನೀಲಿ ಸರೋವರ ಇದೆಯಂತೆ. ಆರು ವರ್ಷದಿಂದ ಜನರನ್ನು ಕರೆದೊಯ್ಯುವ ನಾನೇ ಅದನ್ನು ನೋಡಿಲ್ಲ. ಒಮ್ಮೆ ನೋಡಿಬಿಟ್ಟರೆ ಈ ಕೆಲಸಕ್ಕೆ ಖಲಾಸ್ ಹೇಳುವವನಿದ್ದೇನೆ.

ಮೂರು ಚಹಾ

ಅಬುಧಾಬಿಯ ರೀಮ್ ಐಲ್ಯಾಂಡಿನ ಇಂಜಿನಿಯರ್ ಒಬ್ಬರು ಒಂದು ವರ್ಷ ಹೆಂಡತಿ, ಮಗನ ಜೊತೆ ಬಂದಿದ್ದರು. ನಮ್ಮ ದುಬೈ, ಅಬುಧಾಬಿ ಕಡೆ ಕೆಫೆಟೇರಿಯಾ ಎನ್ನುವ ಚಹಾ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡೆದರೆ ಚಹಾ ಕಾರಿಗೇ ಬರುತ್ತದಲ್ಲ, ಗುಡ್ಡದ ಬುಡದ ಅಂಗಡಿ ಮುಂದೆಯೂ ಅವರು ಹಾಗೇ ಮಾಡಿದರು. ಯಾರೂ ಬರಲಿಲ್ಲವೆಂದು ಉದ್ದಕ್ಕೆ ಒತ್ತಿ ಹಿಡಿದರು. ಆ ಊರಲ್ಲಿ ಉದ್ದ ಹಾರ್ನ್ ಎಂದರೆ ಯಾರಿಗೋ ಅಪಾಯ ಎಂದರ್ಥ. ರಕ್ಷಿತ ಪ್ರದೇಶದ ಮೂವರು ಗಾರ್ಡುಗಳು ಸ್ಟ್ರೆಚರ್ ಹೊತ್ತು ಓಡಿ ಬಂದರು.

ಆ ದಿನವಿಡೀ ನಾನು ಗಾರ್ಡುಗಳ ಆಫೀಸಿನಲ್ಲಿ ಕೂತು ಕ್ಷಮಾಪಣೆ ಬರೆದೆ. ಹೊರಗೆ ಬಂದಾಗ ಇಂಜಿನಿಯರ್ ಕಿಟಕಿ ಗಾಜು ನಾಲ್ಕು ಬೆರಳು ಇಳಿಸಿ ಕೇಳಿದರು: "ಅಷ್ಟು ಹೊತ್ತು ಒಳಗಿದ್ರಲ್ಲ, ಮೂರು ಚಹಾ ಹೇಳಿದ್ರಾ?"

ಬೇಯದ ಅಕ್ಕಿ

ಮರುವರ್ಷ ಅಬುಧಾಬಿಯ ಬನಿಯಾಸಿನ ಬ್ಯಾರಿ ವ್ಯಾಪಾರಿಯೊಬ್ಬರು ಕುಚ್ಚಲಕ್ಕಿ ತಂದಿದ್ದರು. ಗಂಜಿ ಉಣ್ಣದೆ ಗುಡ್ಡ ಹತ್ತುವುದಿಲ್ಲ ಎಂದು ಹಟ. ಅಷ್ಟು ಎತ್ತರದಲ್ಲಿ ನೀರು ಕುದಿಯುತ್ತದೆ, ಅಕ್ಕಿ ಬೇಯುವುದಿಲ್ಲ. ಸಂಜೆ ನಾಲ್ಕಕ್ಕೆ ಸರೋವರದ ದಾರಿ ಮುಚ್ಚಿತು. ಅವರು ಸೌಟಿನಿಂದ ಒಂದು ಅಗುಳು ಎತ್ತಿ ಹಿಸುಕಿ ನೋಡಿ, "ಅಕ್ಕಿ ಬೇಯದ ಜಾಗವನ್ನು ಇವರು ಎಂತಕ್ಕೆ ರಕ್ಷಣೆ ಮಾಡುವುದು?" ಎಂದರು.

ಅಕ್ಕನ ಗಿಡ

ನಮ್ಮ ಕಡೆಯ ಹೆಂಗಸರ ನಂಬಿಕೆ: ಕೇಳಿ ತಂದ ಗಿಡ ಬದುಕುವುದಿಲ್ಲ, ಕದ್ದು ತಂದದ್ದು ಹೂ ಬಿಡುತ್ತದೆ. ಈ ಸಲ ದುಬೈಯ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯಿಂದ ಉಡುಪಿಯ ಅಕ್ಕ ಒಬ್ಬರು ಬಂದಿದ್ದರು. ಅವರ ಬಾಲ್ಕನಿ ತುಂಬ ಅಂಥವೇ ಗಿಡಗಳು. ಹೊರಡುವಾಗಲೇ ಕೈಮುಗಿದೆ.

"ಅಕ್ಕಾ, ಇಲ್ಲಿ ಒಂದು ಎಲೆ ಕಿತ್ತರೂ ಮೇಲೆ ಬಿಡುವುದಿಲ್ಲ."

"ಛೆ, ನನಗೆಂತಕ್ಕೆ ಮಾರಾಯ್ರೆ."

ಯಾರೂ ಹಾರ್ನ್ ಹೊಡೆಯಲಿಲ್ಲ, ಗಂಜಿ ಇಡಲಿಲ್ಲ. ಇನ್ನೊಂದೇ ಗಂಟೆ ದಾರಿ ಉಳಿದಿತ್ತು. ಕೊನೆಯ ಗೇಟಿನಲ್ಲಿ ಗಾರ್ಡ್ ಬ್ಯಾಗುಗಳನ್ನು ಬಿಚ್ಚಿಸಿದ. ಅಕ್ಕನ ಬ್ಯಾಗಿನಲ್ಲಿ ಚಕ್ಕುಲಿ ಮಾತ್ರ. ಹೋದ ಜೀವ ಬಂತು. ಆಮೇಲೆ ನನ್ನ ಬ್ಯಾಗಿನ ಪಕ್ಕದ ಜೇಬಿನಿಂದ, ಒದ್ದೆ ಕರವಸ್ತ್ರದಲ್ಲಿ ಸುತ್ತಿದ ಗಿಡವೊಂದು ಬೇರುಸಹಿತ ಹೊರಬಂತು.

ಅಕ್ಕ ಮೆಲ್ಲಗೆ ಹೇಳಿದರು: "ನಿಮಗೆ ಇಲ್ಲಿ ಪರಿಚಯ ಉಂಟಲ್ಲ, ನಿಮ್ಮ ಬ್ಯಾಗ್ ನೋಡ್ಲಿಕ್ಕಿಲ್ಲ ಅಂತ ಎಣಿಸಿದೆ."

ಉಳಿದವರನ್ನು ಮೇಲೆ ಬಿಟ್ಟರು. ನನ್ನನ್ನು ಗೇಟಿನ ಬೆಂಚಿನಲ್ಲಿ ಕೂರಿಸಿದರು. ಅಳು ಬಂತು, ಸುಳ್ಳು ಯಾಕೆ ಹೇಳಲಿ. ಮೂರು ತಾಸು ಕಳೆದ ಮೇಲೆ ಅಕ್ಕ ಇಳಿದು ಬಂದು, ಪಕ್ಕದಲ್ಲಿ ಕೂತು ಚಕ್ಕುಲಿ ಕೊಟ್ಟರು.

"ಸರೋವರ ಹೇಗಿತ್ತು ಅಕ್ಕಾ?"

"ಎಂತದು, ಬರೀ ನೀರು. ನೀವು ಬೇಜಾರು ಮಾಡ್ಬೇಡಿ." ಆಮೇಲೆ ಗಾರ್ಡ್ ಇದ್ದ ಕಡೆ ನೋಡಿ ದನಿ ತಗ್ಗಿಸಿದರು. "ಅಲ್ಲ, ಆ ಗಿಡವನ್ನು ಅವ ಎಲ್ಲಿ ಇಟ್ಟಿದ್ದಾನೆ?"