ಟ್ರಂಕಿನ ಪ್ರಸ್ಥಾನ

ಹಾಸ್ಟೆಲ್ಲಿಗೆ ಹೊರಟ ಹೆಣ್ಣುಮಗುವನ್ನು ಸಿದ್ಧಪಡಿಸುವ ವಿಷಯದಲ್ಲಿ ಇಡೀ ಮಂಡ್ಯದಲ್ಲಿ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ನಂಬಿಕೆಗೆ ಆಧಾರವೂ ಇತ್ತು. ನಾನು ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಓದಿದವಳು. ಕಾಲುಚೀಲವನ್ನು ಹೇಗೆ ಮಡಿಸಬೇಕು, ಊಟದ ತಟ್ಟೆಯ ಯಾವ ಪಕ್ಕದಲ್ಲಿ ಚಮಚ ಇರಬೇಕು, ಕೆಮ್ಮು ಬಂದರೆ ಮುಖವನ್ನು ಯಾವ ಕಡೆ ತಿರುಗಿಸಬೇಕು, ಎಲ್ಲವನ್ನೂ ಸಿಸ್ಟರುಗಳು ಕಲಿಸಿದ್ದರು. ಹೊತ್ತಿಗೆ ಸರಿಯಾಗಿ ಹೋಗುವುದನ್ನೂ ಕಲಿಸಿದ್ದರಂತೆ. ಆ ದಿನ ನಾನು ಬಹುಶಃ ಜ್ವರದಲ್ಲಿ ಮಲಗಿದ್ದೆ!

ಎಪ್ಪತ್ತರ ದಶಕದ ಮಧ್ಯದ ಒಂದು ಬೇಸಿಗೆ. ನನ್ನ ಮಗಳು ವತ್ಸಲಾ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಕೂತಿದ್ದಳು. ಓದಿದ್ದೆಲ್ಲ ಕನ್ನಡದಲ್ಲಿ. ಮುಂದೆ ಕಾಲೇಜಿನಲ್ಲಿ ವಿಜ್ಞಾನ ಓದುವ ಆಸೆ, ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಇಂಥ ಮಕ್ಕಳಿಗೆಂದೇ ಮೈಸೂರಿನ ಕಾಲೇಜೊಂದು ಬೇಸಿಗೆ ಶಿಬಿರ ನಡೆಸುತ್ತಿತ್ತು. ಕಾಲೇಜಿನ ಆವರಣದಲ್ಲೇ ವಾಸ, ಅಲ್ಲೇ ಪಾಠ, ಪ್ರಯೋಗಶಾಲೆ, ಊಟ. ವತ್ಸಲೆಯ ಶಾಲೆಯಿಂದ ಆಯ್ಕೆಯಾದವಳು ಅವಳೊಬ್ಬಳೇ. ಒಂದೇ ಒಂದು ಕಟ್ಟುನಿಟ್ಟು: ಮಂಗಳವಾರ ಸಂಜೆ ಐದರೊಳಗೆ ಬಂದು ಹಾಜರಾಗಬೇಕು. ಬಾರದವರ ಜಾಗ ಕಾದಿರುವವರಿಗೆ.

ಮಾತು ಕಡಿಮೆಯ ಹುಡುಗಿ. ಆದರೆ ಸುದ್ದಿ ಬಂದ ದಿನದಿಂದ ಪಾತ್ರೆ ತೊಳೆಯುವಾಗಲೂ ತುಟಿ ಅಲ್ಲಾಡುತ್ತಿತ್ತು. ಹತ್ತಿರ ಹೋಗಿ ಕೇಳಿದರೆ, "ಮೇ ಐ ಕಮ್ ಇನ್, ಮೇಡಂ?" ಎಂದು ಸೌಟಿಗೆ ಹೇಳುತ್ತಿದ್ದಳು.

ನಾನು ಸಿದ್ಧತೆಗೆ ಇಳಿದೆ. ಎರಡು ಚಾದರ, ನಾಲ್ಕು ದಿಂಬಿನ ಚೀಲ, ಸೊಳ್ಳೆಪರದೆ, ಅದಕ್ಕೆ ಕೋಲು, ಎನಾಮಲ್ ಮಗ್ಗು, ತಟ್ಟೆ ಲೋಟ, ಬಕೆಟ್ಟು, ಊಟದ ಹೊತ್ತು ತೊಡೆಯ ಮೇಲೆ ಹಾಸಿಕೊಳ್ಳಲು ಬಿಳಿ ವಸ್ತ್ರ. ಬೋರ್ಡಿಂಗಿನಲ್ಲಿ ಪ್ರತಿ ಬಟ್ಟೆಗೂ ನಂಬರು ಇರಬೇಕಲ್ಲ! ವತ್ಸಲೆಯ ನಂಬರು ಏನೆಂದು ಯಾರೂ ತಿಳಿಸಿರಲಿಲ್ಲ. ಅಂಥ ಸಣ್ಣ ತೊಡಕಿಗೆ ನಿಲ್ಲುವವಳಲ್ಲ ನಾನು. ನನ್ನ ಹಳೆಯ ನಂಬರನ್ನೇ ಕೆಂಪು ದಾರದಲ್ಲಿ ಎಲ್ಲದರ ಮೇಲೂ ಕಸೂತಿ ಮಾಡಿದೆ. ಒಳಲಂಗಗಳ ಮೇಲೂ!

"ಅಮ್ಮ, ನಾನು ಜೈಲಿಗೆ ಹೋಗ್ತಿದೀನಾ?" ಎಂದಳು ವತ್ಸಲಾ.

"ಶಿಸ್ತು ಕಣೆ ಇದು, ಶಿಸ್ತು," ಎಂದೆ.

ಇಷ್ಟೆಲ್ಲ ಹಿಡಿಸುವ ಕಬ್ಬಿಣದ ಟ್ರಂಕು ಮಾರುಕಟ್ಟೆಯಿಂದ ಬಂತು. ಹಸಿರು ಬಣ್ಣ, ಮುಚ್ಚಳದ ಮೇಲೆ ಗುಲಾಬಿ ಹೂವು. ನೀರಾವರಿ ಇಲಾಖೆಯಲ್ಲಿದ್ದ ನಮ್ಮವರು ಅದನ್ನು ಸುತ್ತಿ ಬಂದು ನೋಡಿ, "ಇದಕ್ಕೊಂದು ತೂಬು ಇಟ್ಟರೆ ಕೆರೆ ಆಗತ್ತೆ," ಎಂದರು.

ಇಷ್ಟರಲ್ಲಿ ನಮ್ಮ ಅತ್ತೆ ಪಂಚಾಂಗ ತೆಗೆದರು. "ಏನೇ ಲಲಿತಾ, ಮಂಗಳವಾರ ಹೆಣ್ಣುಮಗೂನ ಮನೆಯಿಂದ ಹೊರಡಿಸ್ತಾರೇನೆ? ಕಾಲೇಜಿನೋರಿಗೆ ಬುದ್ಧಿ ಬೇಡ್ವೆ?"

"ಅವರು ಹೇಳಿದ ದಿನವೇ ಹೋಗಬೇಕಲ್ಲ ಅಮ್ಮ," ಎಂದರು ನಮ್ಮವರು.

"ಹೋಗಲಿ, ಬೇಡ ಅಂದ್ನೇ? ಭಾನುವಾರ ಒಳ್ಳೆ ಹೊತ್ತಿದೆ. ಪ್ರಸ್ಥಾನ ಇಟ್ಟುಬಿಡಿ."

ಪ್ರಸ್ಥಾನವೆಂದರೆ ಇಷ್ಟೇ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಚೆನ್ನಾಗಿರುವ ದಿನ ಪ್ರಯಾಣಿಕರ ಸಾಮಾನು ಒಂದನ್ನು ಮುಂದಾಗಿ ಪಕ್ಕದ ಮನೆಗೆ ಕಳಿಸಿ ಇಡುವುದು. ಅಲ್ಲಿಗೆ ಪ್ರಯಾಣ ಶುರುವಾದಂತೆ ಲೆಕ್ಕ. ಆಮೇಲೆ ಹೊರಡುವಾಗ ಅದನ್ನು ಎತ್ತಿಕೊಂಡು ಹೋದರಾಯಿತು. ಒಂದು ನಿಯಮ ಮಾತ್ರ ಉಂಟು. ಒಮ್ಮೆ ಹೊಸಿಲು ದಾಟಿದ್ದು ತಿರುಗಿ ಮನೆಗೆ ಬರಬಾರದು.

ಅತ್ತೆ ಕೇಳಿದ್ದು ಒಂದು ರವಿಕೆ, ಎರಡು ಅಡಿಕೆ ಹಾಕಿದ ಪುಟ್ಟ ಗಂಟು. ಅದನ್ನು ಅಲ್ಲಿಗೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅರೆಬರೆ ಕೆಲಸ ನನಗೆ ಆಗದು. ಶಾಸ್ತ್ರ ಮಾಡುವುದಾದರೆ ಪೂರ್ತಿ ಮಾಡೋಣ, ಹೇಗೂ ನಡುಮನೆಯಲ್ಲಿ ನಡೆದಾಡಲು ಜಾಗವಿಲ್ಲ ಎಂದುಕೊಂಡು ಟ್ರಂಕನ್ನೇ ಪ್ರಸ್ಥಾನ ಇಟ್ಟೆ!

ಪಕ್ಕದ ಮನೆಯ ಜಯಮ್ಮನವರು ನನಗಿಂತ ಹಿರಿಯರು, ಬಾಯಿ ಜೋರು, ಮನಸ್ಸು ಬೆಣ್ಣೆ. ಅವರ ಗಂಡ ಮತ್ತು ನಮ್ಮವರು ಟ್ರಂಕಿನ ಎರಡು ಕಡೆ ಹಿಡಿದು, ನಡುವೆ ಮೂರು ಸಲ ಇಳಿಸಿ, ಅವರ ಪಡಸಾಲೆಗೆ ಸೇರಿಸಿದರು.

"ಇದೇನ್ ಲಲಿತಮ್ಮೋರೆ, ಮಗೀನ ಓದಕ್ ಕಳಿಸ್ತಿದ್ದೀರೋ ಗಂಡನ್ ಮನೆಗೋ?" ಎಂದರು ಜಯಮ್ಮ.

ನಾನು ನಿಯಮವನ್ನು ಅವರಿಗೆ ಬಹಳ ಗಂಭೀರವಾಗಿ ವಿವರಿಸಿದೆ. ಹಿಂದಕ್ಕೆ ಬರಬಾರದು, ಮುಂದಕ್ಕೇ ಹೋಗಬೇಕು.

"ಆಯ್ತು ಬುಡಿ. ಯಾಕ್ ಇಂದಕ್ ಬತ್ತದೆ? ನಾನಿಲ್ವಾ!" ಎಂದರು ಅವರು.

ಸೋಮವಾರ ಸಂಜೆ ನಾನೂ ವತ್ಸಲೆಯೂ ಹಿರಿಯರಿಗೆ ನಮಸ್ಕಾರ ಮಾಡಿ ಬರಲು ನೆಂಟರ ಮನೆಗಳಿಗೆ ಹೋಗಿದ್ದೆವು. ಮಂಗಳವಾರ ಬೆಳಿಗ್ಗೆ ರೈಲಿಗೆ ಹೊರಡುವ ಮುನ್ನ ಜಯಮ್ಮನ ಮನೆಗೆ ಹೋದೆ.

ಬಾಗಿಲಿಗೆ ಬೀಗ!

ಎದುರುಮನೆಯ ಖಾದರ್ ಸಾಹೇಬರು ಹೊರಗೆ ಬಂದರು. ಪಂಪ್‌ಸೆಟ್ ರಿಪೇರಿ ಮಾಡುವವರು. "ಅವರು ಇಲ್ಲಮ್ಮ. ಮಗಳಿಗೆ ಹೆರಿಗೆ ನೋವು ಶುರುವಾಯ್ತಂತೆ, ನಿನ್ನೆ ಸಂಜೆ ಗಂಡ ಹೆಂಡತಿ ಮಳವಳ್ಳಿಗೆ ಹೋದರು ಅಂತ ನಮ್ಮ ಮನೇಲಿ ಹೇಳಿದ್ರು. ಬೀಗ ಬೇಕಾದ್ರೆ ಒಂದೇ ಏಟಿಗೆ ತೆಗೀತೀನಿ. ಸುತ್ತಿಗೆ ತರಲಾ?"

"ಛೆ ಛೆ! ಬೇರೆಯವರ ಮನೆ ಬೀಗ ಒಡೆಯೋದೇ?" ಎಂದೆ. ಕಾನ್ವೆಂಟು!

ನಮ್ಮವರು ಗಡಿಯಾರ ನೋಡಿಕೊಂಡು ಹೇಳಿದರು. "ನೋಡೇ, ನಾನು ವತ್ಸಲಾನ ರೈಲಿನಲ್ಲಿ ಕರಕೊಂಡು ಹೋಗಿ ಸೇರಿಸಿಬಿಡ್ತೀನಿ. ಟ್ರಂಕು ನಾಳೆ ಕಳಿಸೋಣ."

"ಹೌದಮ್ಮ," ಎಂದಳು ವತ್ಸಲಾ. "ಎರಡು ಹಳೇ ಲಂಗ ಚೀಲಕ್ಕೆ ಹಾಕ್ಕೋತೀನಿ. ಸಾಕು."

ಇಂದಿಗೂ ಆ ಮಾತು ನನ್ನ ಕಿವಿಯಲ್ಲಿದೆ. ಎರಡು ಜಡೆಯನ್ನೂ ಮಡಿಸಿ ನೀಲಿ ಟೇಪು ಕಟ್ಟಿದ್ದಳು. ಒಂದು ಕಡೆಯ ಹೂ ದೊಡ್ಡದಾಗಿತ್ತು, ಒಂದು ಕಡೆಯದು ಚಿಕ್ಕದು. ಅವಸರದಲ್ಲಿ ತಾನೇ ಕಟ್ಟಿಕೊಂಡಿದ್ದಳು. ಅದನ್ನು ಗಮನಿಸಿದೆ. ಅವಳ ಮಾತನ್ನು ಮಾತ್ರ ಗಮನಿಸಲಿಲ್ಲ.

"ನಿಮಗೆ ಹಾಸ್ಟೆಲ್ಲು ಗೊತ್ತಿಲ್ಲ," ಎಂದೆ ಇಬ್ಬರಿಗೂ. "ನಮ್ಮ ಬೋರ್ಡಿಂಗಿನಲ್ಲಿ ಒಬ್ಬಳು ಎರಡನೇ ಜೊತೆ ಕಾಲುಚೀಲ ತರಲಿಲ್ಲ ಅಂತ ಬಾಗಿಲಲ್ಲೇ ಕೂರಿಸಿದ್ದರು. ಹಾಸಿಗೆ ಇಲ್ಲ, ತಟ್ಟೆ ಇಲ್ಲ ಅಂದರೆ ಗೇಟಿನಿಂದಲೇ ಓಡಿಸ್ತಾರೆ."

"ಪ್ರಸ್ಥಾನ ಬಿಟ್ಟು ಹೋಗೋದುಂಟೆ?" ಎಂದು ಅತ್ತೆ ಒಳಗಿನಿಂದ ಕೂಗಿದರು. ಜೀವಮಾನದಲ್ಲಿ ನಾವಿಬ್ಬರೂ ಒಂದೇ ಅಭಿಪ್ರಾಯಕ್ಕೆ ಬಂದದ್ದು ಆ ಬೆಳಿಗ್ಗೆ ಮಾತ್ರ.

ನಮ್ಮವರು ಛತ್ರಿ ತೆಗೆದುಕೊಂಡು ಆಫೀಸಿಗೆ ಹೋದರು. ನಾಲೆಗೆ ನೀರು ಬಿಡುವುದಿತ್ತು. ನೀರು ಹೇಳಿದ ಮಾತು ಕೇಳುತ್ತದೆ.

ನಾನು ಯೋಚನೆ ಮಾಡಿದೆ. ಮಳವಳ್ಳಿಗೆ ಹೋಗಿ ಬೀಗದ ಕೈ ತರಬೇಕು. ಮಳವಳ್ಳಿಯಿಂದ ಬನ್ನೂರಿನ ಮೇಲೆ ಮೈಸೂರಿಗೆ ನೇರ ಬಸ್ಸಿದೆ. ಆದ್ದರಿಂದ ವತ್ಸಲೆಯನ್ನೂ ಜೊತೆಗೆ ಕರೆದುಕೊಂಡು ಹೋದರೆ ಎಷ್ಟೊಂದು ಹೊತ್ತು ಉಳಿಯುತ್ತದೆ! ಬೀಗದ ಕೈ ಸಿಕ್ಕ ಮೇಲೂ ಟ್ರಂಕಿಗೆ ಮಂಡ್ಯಕ್ಕೇ ಬರಬೇಕೆಂಬುದು ಆ ಲೆಕ್ಕಕ್ಕೆ ಸೇರಲೇ ಇಲ್ಲ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡು, ಗೇಟಿನ ಬಳಿ ಗೌರವವಾಗಿ ಕಾಣಲೆಂದು ಉಟ್ಟಿದ್ದ ಬಿಳಿ ರೇಷ್ಮೆ ಸೀರೆಯಲ್ಲೇ ಮದ್ದೂರಿನ ಬಸ್ಸು ಹತ್ತಿದೆ.

ಮದ್ದೂರಿನಲ್ಲಿ ಬಸ್ಸು ಬದಲಾಯಿಸಬೇಕು. ಮಳವಳ್ಳಿಯ ಬಸ್ಸು ಆಗತಾನೇ ಹೋಗಿತ್ತು. ಮುಂದಿನದು ಬಂತು, ಚಕ್ರ ಪಂಕ್ಚರಾಯಿತು. ಅದರ ಮುಂದಿನದಕ್ಕೆ ಇಡೀ ಮದ್ದೂರೇ ಹತ್ತಿತು. ಬಂಡೂರಿನ ಅಜ್ಜಿಯೊಬ್ಬರು ಕುರಿಮರಿಯನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನ ಪಕ್ಕದಲ್ಲಿ ಕುಳಿತರು. ಅದು ನನ್ನ ಸೆರಗನ್ನು ಮೆಲ್ಲಗೆ ಅಗಿಯತೊಡಗಿತು.

"ಒಳ್ಳೆ ಸೀರೆ ಕಣವ್ವ," ಎಂದರು ಅಜ್ಜಿ. "ಸಿಕ್ಕಿದ್ದೆಲ್ಲ ಮುಟ್ಟಾಕಿಲ್ಲ ಅದು."

ನಾನು ವಿನಯದಿಂದ ಧನ್ಯವಾದ ಹೇಳಿದೆ. ಮುಂದಿನ ಸೀಟಿನಲ್ಲಿದ್ದ ವತ್ಸಲಾ ನಗಲಿಲ್ಲ. ಡ್ರೈವರನ ತಲೆಯ ಮೇಲಿದ್ದ ದೇವರ ಪಟವನ್ನೇ ನೋಡುತ್ತಿದ್ದಳು.

ಮಳವಳ್ಳಿಯ ಆಸ್ಪತ್ರೆಯ ಜಗಲಿಯಲ್ಲಿ ಜಯಮ್ಮ ಸಿಕ್ಕಿದರು. ಗಂಡು ಮೊಮ್ಮಗ! ನಮ್ಮನ್ನು ಕಂಡು ಕಣ್ಣೀರೇ ತಂದುಕೊಂಡರು. "ನಮ್ ಮಗೀಗೋಸ್ಕರ ಇಷ್ಟ್ ದೂರ ಬಂದ್ರಾ ತಾಯಿ! ಎಂಥ ಜನ ಕಣಮ್ಮ ನೀವು!" ಎಂದು ಇಬ್ಬರ ಬಾಯಿಗೂ ಸಕ್ಕರೆ ಹಾಕಿದರು. ಬಾಯಲ್ಲಿ ಸಕ್ಕರೆ ಇಟ್ಟುಕೊಂಡು ಬೀಗದ ಕೈ ಕೇಳುವುದು ಹೇಗೆ? ಮಗುವನ್ನು ನೋಡಿ, ಯಾರ ಹೋಲಿಕೆ ಎಂದು ತೀರ್ಮಾನಿಸಿ, ಬಾಣಂತಿಯನ್ನು ವಿಚಾರಿಸಿ, ಆಮೇಲೆ ಮೆಲ್ಲಗೆ ಕೇಳಿದೆ.

"ಬೀಗದ್ ಕೈಯಾ? ಯಾಕೆ?"

"ಟ್ರಂಕು ನಿಮ್ಮ ಮನೆಯಲ್ಲಿದೆಯಲ್ಲ."

"ನಮ್ಮನೇಲಿ ಎಲ್ಲದೆ? ನೀವೇ ಯೋಳಿದ್ರಲ್ಲ, ಇಂದಕ್ ಬರಬಾರ್ದು, ಮುಂದಕ್ಕೇ ಓಗ್ಬೇಕು ಅಂತ. ಮನೆಗೆ ಬೀಗ ಆಕೋವಾಗ ಅದ್ನ ಒಳಗ್ ಬುಟ್ಟು ಬರಕ್ಕಾಯ್ತದಾ? ಜಟ್ಕಾದಲ್ ಏರ್ಕಂಡ್ ಓಗಿ ಮಂಡ್ಯ ಟೇಸನ್ನಲ್ಲಿ ಮಡಗ್ಬುಟ್ಟು ಬಂದೆ. ಪೋಟ್ರು ನಮ್ ತಮ್ಮನ ಬಾಮೈದ. ಬೆಳಿಗ್ಗೆ ರೈಲಿಗ್ ಬತ್ತಾರೆ, ಕೊಡಪ್ಪ ಅಂತ ಯೋಳಿದ್ದೆ. ನೀವು ರೈಲಿಗ್ ಓಗ್ಲಿಲ್ವಾ?"

ನಾನು ಜಗಲಿಯ ಮೇಲೆ ಕುಳಿತುಬಿಟ್ಟೆ. ನಾವು ಸುಮ್ಮನೆ ರೈಲಿಗೆ ಹೋಗಿದ್ದರೆ, ಟ್ರಂಕು ನಮಗಿಂತ ಮೊದಲೇ ಪ್ಲಾಟ್‌ಫಾರಮ್ಮಿನಲ್ಲಿ ನಿಂತು ಕಾಯುತ್ತಿತ್ತು!

"ನಿಮ್ ಅತ್ತೇರ್ಗೆ ಕಿಟಕೀಲಿ ಕೂಗಿ ಯೋಳಿ ಬಂದ್ನಲ್ಲ," ಎಂದರು ಜಯಮ್ಮ. "ಚೆನ್ನಾಗ್ ತಲೆ ಆಡ್ಸುದ್ರು!"

ಸಂಜೆಯ ಹೊತ್ತು ಅತ್ತೆ ಜಪದಲ್ಲಿರುತ್ತಾರೆ. ಜಪದಲ್ಲಿ ಅವರ ತಲೆ ತಾನಾಗಿಯೇ ಆಡುತ್ತದೆ. "ಮನೆಗೆ ಬೆಂಕಿ ಬಿತ್ತು" ಎಂದಿದ್ದರೂ ಅಷ್ಟೇ ಚೆನ್ನಾಗಿ ಆಡಿಸುತ್ತಿದ್ದರು.

ಆಗಲೂ ಬನ್ನೂರಿನ ಬಸ್ಸು ಹತ್ತಿದ್ದರೆ ಐದರೊಳಗೆ ಮೈಸೂರು ಸೇರಬಹುದಿತ್ತು. ನಿಲ್ದಾಣಕ್ಕೆ ಬಂದಾಗ ಬಸ್ಸು ನಮ್ಮ ಕಣ್ಣ ಮುಂದೆಯೇ ನಿಂತಿತ್ತು. ವತ್ಸಲಾ ಅದನ್ನು ನೋಡಿದಳು, ನನ್ನನ್ನು ನೋಡಿದಳು. "ಅಮ್ಮ..." ಎಂದಳು. ಟ್ರಂಕಿಲ್ಲದೆ ಹೇಗೆ ಕಣೆ, ಎಂದೆ ನಾನು. ಅವಳು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಒಪ್ಪುತ್ತಿದ್ದೆನೋ ಏನೋ. ಮಾತಿಗೆ ಎದುರು ಮಾತಾಡಬಾರದೆಂದು ಅವಳಿಗೆ ಕಲಿಸಿದ್ದೂ ನಾನೇ.

ಮತ್ತೆ ಮದ್ದೂರು, ಮತ್ತೆ ಮಂಡ್ಯ, ಸ್ಟೇಷನ್ನು, ಹಸಿರು ಟ್ರಂಕು. ಅದರ ಮೇಲೆ ಪೋರ್ಟರು ಕಾಲು ಚಾಚಿ ಮಲಗಿದ್ದ. ರೈಲು ಯಲಿಯೂರಿನಲ್ಲಿ ಸಿಗ್ನಲ್ಲಿಗಾಗಿ ನಿಂತಾಗ ಐದು ಹೊಡೆದಿತ್ತು. ಗದ್ದೆಯ ಬದುವಿನ ಮೇಲೆ ಬಿಳಿಯ ಕೊಕ್ಕರೆಗಳು ಸಾಲಾಗಿ ಕೂತಿದ್ದವು. ವತ್ಸಲಾ ಜಡೆಯ ಟೇಪನ್ನು ಬಿಚ್ಚಿ, ಎರಡೂ ಹೂವನ್ನು ಸರಿಸಮ ಮಾಡಿ ಕಟ್ಟಿಕೊಂಡಳು.

ಕಾಲೇಜಿನ ಆವರಣಕ್ಕೆ ನಮ್ಮ ಟಾಂಗಾ ಹೋದಾಗ ದೀಪ ಹಚ್ಚಿದ್ದರು. ವಾರ್ಡನ್ ಬಹಳ ಒಳ್ಳೆಯ ಹೆಂಗಸು. ಅದೇ ಕಷ್ಟವಾದದ್ದು. ಬೈದಿದ್ದರೆ ಉತ್ತರ ಕೊಡಬಹುದಿತ್ತು.

"ಐದೂವರೆ ತನಕ ಕಾದೆವಮ್ಮ. ಕಾದಿದ್ದ ಹುಡುಗಿಗೆ ಜಾಗ ಕೊಟ್ಟುಬಿಟ್ಟೆವು," ಎಂದರು.

ನಾನು ಟ್ರಂಕಿನ ಕಡೆ ಕೈ ತೋರಿಸಿ, ನನ್ನ ಶುದ್ಧ ಕಾನ್ವೆಂಟ್ ಇಂಗ್ಲಿಷಿನಲ್ಲಿ, ಚಾದರದಿಂದ ಹಿಡಿದು ಸೊಳ್ಳೆಪರದೆಯ ಕೋಲಿನವರೆಗೆ ಸಕಲ ಸಿದ್ಧತೆಯೊಂದಿಗೆ ಬಂದಿದ್ದೇವೆಂದು ನಿವೇದಿಸಿಕೊಂಡೆ.

ಅವರು ಕನ್ನಡದಲ್ಲಿ ಮೆಲ್ಲಗೆ ಹೇಳಿದರು. "ಹಾಸಿಗೆ, ತಟ್ಟೆ, ಬಕೆಟ್ಟು ಎಲ್ಲ ಇಲ್ಲೇ ಕೊಡ್ತೀವಲ್ಲಮ್ಮ. ಮಗುವೊಂದು ಹೊತ್ತಿಗೆ ಸರಿಯಾಗಿ ಬಂದಿದ್ದರೆ ಸಾಕಿತ್ತು."

ಟ್ರಂಕನ್ನು ಮತ್ತೆ ಟಾಂಗಾಕ್ಕೆ ಏರಿಸಲು ನಾನೂ ಟಾಂಗಾದವನೂ ಒದ್ದಾಡುತ್ತಿದ್ದಾಗ ಒಬ್ಬ ಹುಡುಗಿ ಒಳಗಿನಿಂದ ಓಡಿ ಬಂದು ಒಂದು ಕಡೆಯ ಹಿಡಿ ಹಿಡಿದಳು. "ಬುಡಿ ಅಮ್ಮಾ, ನಾನ್ ಇಡ್ಕತೀನಿ." ಬೆಸಗರಹಳ್ಳಿಯವಳಂತೆ. ಬೆಳಗಿನಿಂದ ಒಂದು ಬಟ್ಟೆ ಚೀಲ ಹಿಡಿದು ಗೇಟಿನ ಹತ್ತಿರ ಕಾದು ಕೂತಿದ್ದಳಂತೆ. ವತ್ಸಲೆಯ ಜಾಗ ಸಿಕ್ಕಿದ್ದು ಅವಳಿಗೇ. ಅದು ಇವಳದೆಂದು ಆ ಹುಡುಗಿಗೆ ಗೊತ್ತಿರಲಿಲ್ಲ. ವತ್ಸಲಾ ಇನ್ನೊಂದು ಹಿಡಿ ಹಿಡಿದಳು. ಇಬ್ಬರೂ ಸೇರಿ ಒಂದೇ ಸಲಕ್ಕೆ ಎತ್ತಿಟ್ಟುಬಿಟ್ಟರು.

"ಚೆನ್ನಾಗಿ ಓದು," ಎಂದಳು ವತ್ಸಲಾ.

ಮನೆಯಲ್ಲಿ ಅತ್ತೆ ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬಂದರು. "ನೋಡಿದ್ಯಾ, ಪ್ರಸ್ಥಾನ ಇಟ್ಟಿದ್ದಕ್ಕೆ ಇಬ್ಬರೂ ಸುಖವಾಗಿ ಹೋಗಿ ಬಂದ್ರಿ!"

ನಮ್ಮವರು ಟ್ರಂಕನ್ನು ಒಳಗೆ ಎಳೆದು, ಮಗಳ ತಲೆ ಸವರಿ, ಊಟಕ್ಕೆ ಕೂರೋಣ ಎಂದರು.

ಮಾರನೆಯ ದಿನದಿಂದ ನಾನೇ ಮನೆಯಲ್ಲಿ ಶಿಬಿರ ತೆರೆದೆ. ಪೂಜೆಯ ಗಂಟೆ ಬಾರಿಸಿ ಇಂಗ್ಲಿಷ್ ಪಾಠ ಶುರು ಮಾಡುತ್ತಿದ್ದೆ. ವತ್ಸಲಾ ಶ್ರದ್ಧೆಯಿಂದ ಕೂತಳು. ಆದರೆ ನನಗೆ ಗೊತ್ತಿದ್ದದ್ದು ಪದ್ಯ, ಪ್ರಾರ್ಥನೆ, ಕ್ಷಮೆ ಕೇಳುವ ಬಗೆ. ಕಾಲೇಜಿನಲ್ಲಿ ಅವಳಿಗೆ ಬೇಕಾಗಿದ್ದದ್ದು ಆಮ್ಲ, ಕ್ಷಾರ, ಬೆಳಕಿನ ವಕ್ರೀಭವನ. ಮೊದಲ ವರ್ಷ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು, ಅರ್ಥವಾಗದ್ದನ್ನೆಲ್ಲ ಉಚ್ಚಾರದಂತೆ ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬರುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ನಾನು ಅಡುಗೆಮನೆಗೆ ಹೋಗಿ ಒಲೆಯ ಹೊಗೆಯನ್ನು ದೂರುತ್ತಿದ್ದೆ. ಸೀಮೆಎಣ್ಣೆ ಸ್ಟೋವು, ಹೊಗೆ ಎಲ್ಲಿಂದ ಬರಬೇಕು!

ಪಿಯುಸಿ ಹೇಗೋ ದಾಟಿದಳು. ಬಿಎಸ್ಸಿಗೆ ಮೈಸೂರಿನ ಹಾಸ್ಟೆಲ್ಲಿಗೆ ಹೊರಡುವ ದಿನ ಬಂತು. ನಾನು ಸೆರಗು ಸಿಕ್ಕಿಸಿಕೊಂಡು, "ಹೇಳು ವತ್ಸಿ, ಏನೇನು ಸಿದ್ಧ ಮಾಡಲಿ?" ಎಂದೆ.

ಅವಳು ಹತ್ತಿರ ಬಂದು, ನನ್ನ ಎರಡು ಕೈಗಳನ್ನೂ ಹಿಡಿದುಕೊಂಡು, ಪ್ರೀತಿಯಿಂದಲೇ ಹೇಳಿದಳು. "ಅಮ್ಮ, ರೈಲು ಹೋಗೋ ತನಕ ನೀನು ಅಡುಗೆಮನೆ ಬಿಟ್ಟು ಹೊರಗೆ ಬರಬೇಡ."

ಬರಲಿಲ್ಲ. ಅವಳು ಹೊತ್ತಿಗೆ ಸರಿಯಾಗಿ ಹೋಗಿ ಸೇರಿದಳು. ನನ್ನ ಜೀವಮಾನದಲ್ಲಿ ನಾನು ಮಾಡಿದ ಸಿದ್ಧತೆಗಳಲ್ಲೆಲ್ಲ ಕೈಗೂಡಿದ್ದು ಇದೊಂದೇ!